ಕೆಲಸಕ್ಕೆ ಸೇರುವವರ ಪೂರ್ವಾಪರ ವಿಚಾರಣೆ: ಸಂಸ್ಥೆಯನ್ನು ಆರಿಸುವುದು ಹೇಗೆ?

ಕಣದ ಕಾಫಿ, ಗೋದಾಮಿನ ಅಡಿಕೆ, ಬಟವಾಡೆಯ ಹಣ – ಇವೆಲ್ಲ ರೈಟರು, ಡ್ರೈವರು, ಕಾವಲುಗಾರರ ಕೈಯಲ್ಲಿರುತ್ತವೆ. ಪರಿಚಯವಿಲ್ಲದವರನ್ನು ಸೇರಿಸಿಕೊಳ್ಳಬೇಕಾದಾಗ ಸದಸ್ಯರು ಪೂರ್ವಾಪರ ವಿಚಾರಿಸಿಕೊಡುವ ಖಾಸಗಿ ಸಂಸ್ಥೆಗಳ ಮೊರೆ ಹೋಗುವುದುಂಟು. ಅಂಥವರು ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

1. ಪರವಾನಗಿ: ಕಾವಲುಗಾರರನ್ನು ಒದಗಿಸುವ ಏಜೆನ್ಸಿಗೆ 2005ರ ಕೇಂದ್ರ ಕಾಯಿದೆಯಂತೆ ಪರವಾನಗಿ ಇರಲೇಬೇಕು. ಆದರೆ ವಿಚಾರಣೆ ನಡೆಸುವ ಪತ್ತೇದಾರಿ ಸಂಸ್ಥೆಗಳಿಗೆ ಅಂಥ ಕಾಯಿದೆಯಿಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯಿದೆಯಾಗಲಿಲ್ಲ. ಆದ್ದರಿಂದ 'ಸರಕಾರಿ ಪರವಾನಗಿ ಪಡೆದ ಪತ್ತೇದಾರರು' ಎಂಬ ಫಲಕಕ್ಕೆ ಮರುಳಾಗಬೇಡಿ.

2. ಕೆಲಸದ ರೀತಿ: ಹಿಂದಿನ ಮಾಲೀಕರನ್ನು ನೇರವಾಗಿ ಕೇಳುತ್ತಾರೆಯೆ? ಊರಿಗೆ ಹೋಗಿ ವಿಳಾಸ ನೋಡುತ್ತಾರೆಯೆ? ನ್ಯಾಯಾಲಯದ ದಾಖಲೆಯಲ್ಲಿ ಹೆಸರು ಸಿಕ್ಕರೆ ತಂದೆಯ ಹೆಸರು, ವಯಸ್ಸು ತಾಳೆ ನೋಡುತ್ತಾರೆಯೆ? ಒಂದೇ ಹೆಸರಿನವರು ಹಲವರಿರುತ್ತಾರೆ. ಯಾವ ಪರಿಶೀಲನೆಗೆ ಎಷ್ಟು ದರ, ಎಷ್ಟು ದಿನ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

3. ಒಪ್ಪಿಗೆ: ಕೆಲಸ ಕೇಳಿ ಬಂದವನ ಲಿಖಿತ ಒಪ್ಪಿಗೆ ಪಡೆಯದ ಸಂಸ್ಥೆ ಬೇಡ. ಫೋನ್ ಕರೆಗಳ ವಿವರ, ಬ್ಯಾಂಕ್ ಲೆಕ್ಕ ಗುಟ್ಟಾಗಿ ತರುವುದು ಅಕ್ರಮ. ಅದರ ತೊಡಕು ನಮಗೂ ಸುತ್ತಿಕೊಳ್ಳಬಹುದು.

4. ನ್ಯಾಯ: ವರದಿಯಲ್ಲಿ ಕೆಟ್ಟದ್ದು ಕಂಡರೆ ಮೊದಲು ಆತನಿಗೆ ತೋರಿಸಿ ಉತ್ತರ ಕೇಳಿ. ಕೇಸು ದಾಖಲಾದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ. ದುಡಿಯುವವನಿಗೆ ಹೆಸರೇ ಬಂಡವಾಳ.

ಒಬ್ಬಿಬ್ಬರನ್ನು ಸೇರಿಸಿಕೊಳ್ಳುವ ಸಣ್ಣ ಬೆಳೆಗಾರರಿಗೆ ಸಂಸ್ಥೆಯೇ ಬೇಕೆಂದಿಲ್ಲ. ಹಿಂದಿನ ತೋಟದವರನ್ನು ಕಂಡು ಮಾತನಾಡಿ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಇಷ್ಟೆಲ್ಲ ಮಾಡಿದರೂ ಮೂಟೆಗಳ ಲೆಕ್ಕ, ಗೋದಾಮಿನ ಬೀಗದ ಕೈ ನಮ್ಮಲ್ಲೇ ಇರಲಿ.