ಕಾರಿನ ಆರೈಕೆ, ಅಲಂಕಾರ ಮತ್ತು ಕಾಯಿದೆ

ಆಯುಧಪೂಜೆಗೆ ಎರಡು ದಿನವಿದೆ ಎನ್ನುವಾಗ ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಯಲ್ಲಿ ವಾಹನ ನಿಲ್ಲಿಸಲು ಜಾಗ ದೊರೆಯುವುದು ದುರ್ಲಭ. ಜೆ.ಸಿ. ರಸ್ತೆ ಎಂದೇ ಜನಜನಿತವಾಗಿರುವ ಈ ಬೀದಿಯ ಸಲಕರಣೆ ಅಂಗಡಿಗಳ ಮುಂದೆ ಬಾಗಿಲು ತೆರೆದ ಕಾರುಗಳು ಸಾಲುಗಟ್ಟುತ್ತವೆ. ಒಂದಕ್ಕೆ ಸೀಟ್ ಕವರ್, ಮತ್ತೊಂದಕ್ಕೆ ಮ್ಯಾಟು, ಇನ್ನೊಂದಕ್ಕೆ ಕೆಂಪು-ಹಳದಿ ಪಟ್ಟಿಯ ಸ್ಟಿಕ್ಕರು. ಮನೆಗೆ ಬಂದ ಕಾರನ್ನು ಮನೆಯ ಸದಸ್ಯನಂತೆ ಕಂಡು ಸಿಂಗರಿಸುವುದು ನಮ್ಮಲ್ಲಿ ಹೊಸತೇನಲ್ಲ. ಹೊಸತಾಗಿರುವುದು ಆ ಸಿಂಗಾರಕ್ಕೆ ಕಾಯಿದೆಯೂ ತಂತ್ರಜ್ಞಾನವೂ ಹಾಕಿರುವ ಗೆರೆ. ಆ ಗೆರೆ ಎಲ್ಲಿದೆ ಎಂಬುದನ್ನು ಗ್ರಾಹಕನಿಗಿಂತ ಮೊದಲು ವ್ಯಾಪಾರಿ ತಿಳಿದಿರಬೇಕಾಗಿದೆ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿದ ಮಾರುತಿ 800 ಕಾರಿನ ಕಾಲವು ಈ ವ್ಯಾಪಾರದ ಸುಗ್ಗಿಕಾಲವಾಗಿತ್ತು. ಅದರ ಅಗ್ಗದ ಮಾದರಿಯನ್ನು ಕೊಂಡವನು ಸಂಗೀತಕ್ಕೂ ಬೀಗಕ್ಕೂ ಹೊರಗಿನ ಅಂಗಡಿಯನ್ನೇ ಆಶ್ರಯಿಸಬೇಕಿತ್ತು. ಇಂದು ಅವೆಲ್ಲ ಕಾರ್ಖಾನೆಯಿಂದಲೇ ಜೋಡಣೆಯಾಗಿ ಬರುತ್ತವೆ. ಉಳಿದದ್ದನ್ನು ಕಂಪನಿಯ ಷೋರೂಮಿನವರೇ ಮಾರುತ್ತಾರೆ. ಅಂಗಡಿಯವನ ಪಾಲಿಗೆ ಉಳಿದ ಸರಕು ಕಡಿಮೆಯಾದಂತೆಲ್ಲ, ಉಳಿದುದರಲ್ಲಿ ಕಾಯಿದೆಗೆ ವಿರುದ್ಧವಾದದ್ದು ಯಾವುದೆಂಬ ಪ್ರಶ್ನೆ ದೊಡ್ಡದಾಗುತ್ತ ಬಂದಿದೆ.

ಸನ್ ಫಿಲ್ಮಿನ ಉದಾಹರಣೆಯೊಂದೇ ಸಾಕು. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜುಗಳು ಶೇ. 50ರಷ್ಟು ಬೆಳಕನ್ನು ಒಳಬಿಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತಿದ್ದವು. ಆ ಪ್ರಮಾಣದ ಫಿಲ್ಮನ್ನು ಅಂಟಿಸಬಹುದೆಂದು ವ್ಯಾಪಾರಿಗಳು ಅರ್ಥೈಸಿಕೊಂಡಿದ್ದರು. 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯವು, ಆ ಪ್ರಮಾಣ ಗಾಜಿನ ತಯಾರಿಕೆಗೆ ಸಂಬಂಧಿಸಿದ್ದೇ ಹೊರತು ಮೇಲೆ ಅಂಟಿಸುವ ಹಾಳೆಗಲ್ಲ, ಯಾವ ಪ್ರಮಾಣದ ಫಿಲ್ಮೂ ಸಲ್ಲದು ಎಂದು ತೀರ್ಪಿತ್ತಿತು. ನಿನ್ನೆಯವರೆಗೆ ಬಂಡವಾಳವೆನಿಸಿದ್ದ ಸುರುಳಿಗಳು ಗೋದಾಮಿನಲ್ಲಿ ಹೊರೆಯಾಗಿ ಕುಳಿತವು. ಅಂಟಿಸುವುದರಲ್ಲಿ ನುರಿತ ಕೈಗಳು ಕೆಲವು ತಿಂಗಳು ಕಿತ್ತುಹಾಕುವ ಕೆಲಸ ಮಾಡಿದವು. ಇತ್ತೀಚೆಗೆ ಈ ಕಥೆ ಮತ್ತೊಂದು ತಿರುವು ಪಡೆದಿದೆ. 2021ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿಯ ಆಧಾರದ ಮೇಲೆ, ನಿಗದಿತ ಪಾರದರ್ಶಕತೆಯುಳ್ಳ ಫಿಲ್ಮಿಗೆ ದಂಡ ವಿಧಿಸಲಾಗದೆಂದು ಕೇರಳದ ಉಚ್ಚ ನ್ಯಾಯಾಲಯ 2024ರಲ್ಲಿ ಹೇಳಿತು. ಆದರೆ ಪಕ್ಕದ ರಾಜ್ಯದ ತೀರ್ಪನ್ನು ಬಾಯಲ್ಲಿ ಹೇಳಿ ಇಲ್ಲಿ ಸರಕು ಮಾರುವುದು ವಿವೇಕವಲ್ಲ. ರಸ್ತೆಯಲ್ಲಿ ಕಾರು ತಡೆಯುವ ಪೊಲೀಸರಿಗೆ ಉತ್ತರ ಕೊಡಬೇಕಾದವನು ಗ್ರಾಹಕ. ಅವನು ಮರಳಿ ಬಂದು ನಿಲ್ಲುವುದು ಅಂಗಡಿಯ ಮುಂದೆ.

2017ರ ಡಿಸೆಂಬರಿನಲ್ಲಿ ಬಂಪರಿನ ಮುಂದಿನ ಬುಲ್ ಗಾರ್ಡುಗಳ ಸರದಿ ಬಂತು. ಅವು ಮೋಟಾರು ವಾಹನ ಕಾಯಿದೆಯ 52ನೇ ಪ್ರಕರಣಕ್ಕೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆಯಿತು. ಕಾರಿಗೆ ಕವಚವೆಂದು ಕೊಂಡವರಿಗೆ ಇದು ವಿಚಿತ್ರವೆನಿಸಿದ್ದೂ ಉಂಟು. ವಾಸ್ತವದಲ್ಲಿ ಕಾರಿನ ಮುಂಭಾಗ ಮುದುಡುವಂತೆಯೇ ರೂಪಿತವಾಗಿರುತ್ತದೆ. ಮುದುಡುವಾಗ ಡಿಕ್ಕಿಯ ರಭಸವನ್ನು ಅದು ತಾನೇ ಉಣ್ಣುತ್ತದೆ. ನಡುವೆ ಕಬ್ಬಿಣದ ಕೊಳವೆ ಬಂದರೆ ಆ ರಭಸ ನೇರವಾಗಿ ಚಾಸಿಗೂ ಅಲ್ಲಿಂದ ಕುಳಿತವರಿಗೂ ತಲುಪುತ್ತದೆ. ಡಿಕ್ಕಿಯನ್ನು ಗುರುತಿಸಬೇಕಾದ ಏರ್‌ಬ್ಯಾಗಿನ ಸಂವೇದಕವೂ ತಪ್ಪು ಗ್ರಹಿಸಬಹುದು. ಇನ್ನು ಎದುರಿಗೆ ಸಿಕ್ಕ ಪಾದಚಾರಿಯ ಗತಿಯನ್ನು ಹೇಳಬೇಕಾಗಿಲ್ಲ.

ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು ಎಂಬುದೇ 52ನೇ ಪ್ರಕರಣದ ಸಾರ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನಧಿಕೃತವಾದ ಒಂದೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ಗೊತ್ತುಪಡಿಸಿತು. ಬಣ್ಣ ಬದಲಾಯಿಸಬಾರದೆಂದೇನೂ ಇಲ್ಲ, ಆದರೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. ಅನಿಲ ಕಿಟ್ಟಿಗೂ ಇದೇ ಮಾತು. ಕನ್ನಡದ ಅಂಕಿಗಳಲ್ಲಿ ನಂಬರ್ ಪ್ಲೇಟ್ ಬರೆಸುವ ಅಭಿಮಾನಕ್ಕೆ ಮಾತ್ರ ನಿಯಮದಲ್ಲಿ ಎಡೆಯಿಲ್ಲ. 2019ರ ಏಪ್ರಿಲಿನಿಂದ ಹೊಸ ವಾಹನಗಳಿಗೆ ಅತಿಸುರಕ್ಷಿತ ಫಲಕ ಕಡ್ಡಾಯವಾದ ಬಳಿಕ ಅಂದವಾಗಿ ಅಕ್ಷರ ಬರೆಯುತ್ತಿದ್ದ ಕಲಾವಿದರ ಕಸುಬೂ ಕುಗ್ಗಿತು. ಅಭಿಮಾನವನ್ನು ಹಿಂದಿನ ಬಂಪರಿನ ಮೇಲೊಂದು ಸ್ಟಿಕ್ಕರಾಗಿ ತೋರಿದರೆ ಯಾರ ಆಕ್ಷೇಪವೂ ಇರದು.

ದಂಡಕ್ಕಿಂತ ಗಂಭೀರವಾದ ಸಂಗತಿ ಜೀವದ್ದು. ಚಾಲಕನಿಗೆ ಏರ್‌ಬ್ಯಾಗ್ 2019ರ ಜುಲೈಯಿಂದ ಕಡ್ಡಾಯವಾಯಿತು. ಪಕ್ಕದ ಪ್ರಯಾಣಿಕನಿಗೂ 2021ರಿಂದ ಮೊದಲು ಹೊಸ ಮಾದರಿಗಳಲ್ಲಿ, ಬಳಿಕ ಎಲ್ಲ ಕಾರುಗಳಲ್ಲಿ ಬಂದಿತು. ಈಗ ಡ್ಯಾಶ್‌ಬೋರ್ಡಿನ ಎಡಭಾಗದೊಳಗೆ ಮಡಚಿಟ್ಟ ಚೀಲವೊಂದು ಕಾದಿರುತ್ತದೆ. ಅದು ಅರಳಲು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗವೂ ಬೇಡ. ಅದರ ಮುಚ್ಚಳದ ಮೇಲೆ ಅಂಟಿಸಿದ ಲೋಹದ ಗಣಪತಿ ಆ ಕ್ಷಣದಲ್ಲಿ ಕುಳಿತವರ ಮುಖದತ್ತ ಚಿಮ್ಮುತ್ತಾನೆ. ಭಕ್ತಿಗೆ ಅಡ್ಡಿ ಬಾರದಂತೆ, ಮೂರ್ತಿಯನ್ನು ಮುಚ್ಚಳದಿಂದ ದೂರ, ಪುಟ್ಟದಾಗಿ, ಹಗುರವಾಗಿ ಇರಿಸಿಕೊಳ್ಳಿ ಎಂದು ಹೇಳಿ ಮಾರುವ ಅಂಗಡಿಯವನಿಗೆ ನಷ್ಟವೇನೂ ಇಲ್ಲ. ಪಕ್ಕದ ಏರ್‌ಬ್ಯಾಗ್ ಸೀಟಿನೊಳಗೇ ಇರುವ ಕಾರಿಗೆ ಸಾಮಾನ್ಯ ಸೀಟ್ ಕವರ್ ಬಿಗಿಯಾಗಿ ಹೊಲಿದು ಹಾಕಿದರೆ ಚೀಲ ಹೊರಬರಲು ದಾರಿಯೇ ಉಳಿಯದು. ಆ ಕಡೆಯ ಹೊಲಿಗೆ ತಾನಾಗಿ ಬಿಚ್ಚಿಕೊಳ್ಳುವಂತೆ ಮಾಡಿದ ಕವರುಗಳು ಸಿಗುತ್ತವೆ. ಬೆಲೆ ಹೆಚ್ಚೆಂದು ಗ್ರಾಹಕ ಗೊಣಗಿದರೂ ಇಲ್ಲಿ ಚೌಕಾಸಿ ಸಲ್ಲದು.

ವೈರಿಂಗ್ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 60/55 ವ್ಯಾಟಿನ ಹೆಡ್‌ಲೈಟ್ ಇರುವಲ್ಲಿ 100/90ರ ಬಲ್ಬು ಹಾಕಿದರೆ ಕಾಯಿದೆ ಮುರಿದಂತಾಗುತ್ತದೆ. ಮೇಲಾಗಿ ಅಷ್ಟು ವಿದ್ಯುತ್ತನ್ನು ಹೊರಲಾರದೆ ತಂತಿಯೂ ಹೋಲ್ಡರೂ ಕಾಯುತ್ತವೆ. ತಂತಿಯನ್ನು ಕತ್ತರಿಸಿ, ತಿರುಚಿ, ಟೇಪ್ ಸುತ್ತಿ ಹೆಚ್ಚುವರಿ ದೀಪ ಜೋಡಿಸುವ ಹಳೆಯ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಆ ಒಂದು ಕತ್ತರಿಕೆಯನ್ನೇ ತೋರಿಸಿ ಕಂಪನಿಯವರು ವಿದ್ಯುತ್ ಭಾಗದ ವಾರಂಟಿಯನ್ನು ನಿರಾಕರಿಸಬಹುದು. ಕತ್ತರಿಸದೆ ಸಿಕ್ಕಿಸುವ ಜೋಡಣೆ, ಪ್ರತ್ಯೇಕ ಫ್ಯೂಸು ಮತ್ತು ರಿಲೇ ಬಳಸುವ ಕುಶಲಕರ್ಮಿಗೆ ಹೆಚ್ಚು ಕೂಲಿ ಕೇಳುವ ಹಕ್ಕಿದೆ.

ಇಷ್ಟೆಲ್ಲ ನಿರ್ಬಂಧಗಳ ನಡುವೆ ಕಾಯಿದೆಯ ಕಾಟವಿಲ್ಲದೆ ಬೆಳೆಯಬಲ್ಲದ್ದು ಆರೈಕೆಯ ವಹಿವಾಟು. ಕಾರ್ಖಾನೆಯಲ್ಲಿ ಬಳಿದ ಬಣ್ಣದ ಎಲ್ಲ ಪದರಗಳೂ ಸೇರಿ ದಪ್ಪ ಸುಮಾರು ನೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಸುಪಾಸು. ಯಂತ್ರದಿಂದ ಪಾಲಿಷ್ ಮಾಡಿದಾಗಲೆಲ್ಲ ಅದರ ಮೇಲ್ಪದರ ಕೊಂಚ ಸವೆಯುತ್ತದೆ. ಹೊಳಪು ಬಂತೆಂದು ಆರು ತಿಂಗಳಿಗೊಮ್ಮೆ ತಿಕ್ಕಿಸುವವರು ತಮ್ಮ ಆಸ್ತಿಯನ್ನೇ ತೇಯುತ್ತಿರುತ್ತಾರೆ. ವಸತಿ ಸಮುಚ್ಚಯಗಳಲ್ಲಿ ಬೆಳಗಿನ ಜಾವ ಒಂದೇ ಬಕೆಟ್ಟಿನ ನೀರಿನಲ್ಲಿ ಹತ್ತು ಕಾರು ಒರೆಸಿದಾಗ, ಮೊದಲ ಕಾರಿನ ಮರಳು ಹತ್ತನೆಯದರ ಮೇಲೆ ಗೀರು ಬರೆಯುತ್ತದೆ. ಕೊಳವೆಬಾವಿಯ ಗಡಸು ನೀರು ಬಿಸಿಲಲ್ಲಿ ಆರಿದರೆ ಬಿಳಿಯ ಕಲೆ ಕೂರುತ್ತದೆ. ಹಾಗೆಂದು ಕಾವೇರಿ ನೀರನ್ನು ಪೈಪಿನಲ್ಲಿ ಹರಿಸುವಂತೆಯೂ ಇಲ್ಲ. ಬರದ ಬೇಸಗೆಯಲ್ಲಿ, 2024ರ ಮಾರ್ಚಿನಲ್ಲಿ, ವಾಹನ ತೊಳೆಯಲು ಕುಡಿಯುವ ನೀರು ಬಳಸಿದವರಿಗೆ ಬೆಂಗಳೂರು ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. 2025ರ ಬೇಸಗೆಗೂ ಅದನ್ನು ಮತ್ತೆ ಸಾರಿತು. ಎರಡು ಬಕೆಟ್, ಎರಡು ಮೃದು ಬಟ್ಟೆ, ನೆರಳು, ತೊಳೆದೊಡನೆ ಒರೆಸುವ ಅಭ್ಯಾಸ: ಇದಕ್ಕಿಂತ ಹೆಚ್ಚಿನದು ವಾರದ ಆರೈಕೆಗೆ ಬೇಕಾಗದು.

ಕರಾವಳಿಯ ಕಾರಿನ ಶತ್ರು ಬೇರೆ. ಮಂಗಳೂರು, ಉಡುಪಿಗಳ ಉಪ್ಪುಗಾಳಿಯೂ ಮಳೆಯೂ ಕಣ್ಣಿಗೆ ಬೀಳದ ತಳಭಾಗವನ್ನೇ ತಿನ್ನುತ್ತವೆ. ಮಳೆಗಾಲಕ್ಕೆ ಮುನ್ನ ತುಕ್ಕುನಿರೋಧಕ ಲೇಪ ಹಾಕಿಸುವುದು ಸರಿಯೇ. ಆದರೆ ಕೆಸರನ್ನು ಪೂರ್ತಿ ತೆಗೆದು ಒಣಗಿಸದೆ ಲೇಪಿಸಿದರೆ ತೇವ ಒಳಗೇ ಸಿಕ್ಕಿ ತುಕ್ಕು ಮುಚ್ಚಿದ ಮಡಕೆಯಲ್ಲಿ ಬೆಳೆಯುತ್ತದೆ. ಬಾಗಿಲುಗಳ ಕೆಳಗೆ ನೀರಿಳಿಯಲು ಬಿಟ್ಟ ರಂಧ್ರಗಳನ್ನು ಲೇಪದಿಂದ ಮುಚ್ಚದಂತೆಯೂ ನೋಡಿಕೊಳ್ಳಬೇಕು.

ಆಯುಧಪೂಜೆಯ ಮರುದಿನದ ಕೆಲಸವೂ ಆರೈಕೆಯೇ. ಬಾನೆಟ್ಟಿನ ಮೇಲೆ ನೀರಿನಲ್ಲಿ ಕಲಸಿ ಹಚ್ಚಿದ ಕುಂಕುಮ ಎರಡು ದಿನ ಬಿಸಿಲುಂಡರೆ ತಿಳಿಬಣ್ಣದ ಕಾರಿನಲ್ಲಿ ಕಲೆಯಾಗಿ ಉಳಿಯುತ್ತದೆ. ಬಾಳೆಕಂದು ಕಟ್ಟಲು ಬಳಸಿದ ಟೇಪಿನ ಅಂಟೂ ಹಾಗೆಯೇ. ಒಡೆದ ಬೂದುಗುಂಬಳದ ಹೋಳುಗಳನ್ನು ರಸ್ತೆಯಿಂದ ಎತ್ತಿಹಾಕದಿದ್ದರೆ ಜಾರಿ ಬೀಳುವವನು ಬೈಕಿನವನು.

ಕಡೆಯದಾಗಿ ಲೆಕ್ಕದ ಮಾತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಬಿಲ್ಲಿಲ್ಲದೆ ಮಾರುವುದಕ್ಕೆ ಹೇಳುತ್ತಿದ್ದ ಹಳೆಯ ನೆಪ ಅಷ್ಟರಮಟ್ಟಿಗೆ ಸಡಿಲವಾಗಿದೆ. ಹೊರಗಿನಿಂದ ಜೋಡಿಸಿದ ಬೆಲೆಬಾಳುವ ಸಲಕರಣೆಗೆ ವಿಮೆಯ ರಕ್ಷಣೆ ಬೇಕಾದರೆ ಪಾಲಿಸಿಯಲ್ಲಿ ಅದನ್ನು ಬೇರೆಯಾಗಿ ಘೋಷಿಸಿ ಹೆಚ್ಚುವರಿ ಕಂತು ತೆರಬೇಕು. ಕಾರು ಅಪಘಾತಕ್ಕೀಡಾಗಿಯೋ ಕಳವಾಗಿಯೋ ಪರಿಹಾರ ಕೋರಿದ ದಿನ ಸರ್ವೇಯರು ಮೊದಲು ಕೇಳುವುದು ಆ ಘೋಷಣೆಯನ್ನು, ಅದರ ಬೆನ್ನಿಗೇ ಅಂಗಡಿಯ ಬಿಲ್ಲನ್ನು.