ಬಂದರು ಹೋದರೂ ಪೇಟೆ ಉಳಿಯಿತು

ವಿಯೆಟ್ನಾಮಿನ ಮಧ್ಯಭಾಗದಲ್ಲಿ, ಥು ಬೋನ್ ನದಿಯ ದಡದಲ್ಲಿರುವ ಹೊಯ್ ಆನ್ 15ರಿಂದ 19ನೆಯ ಶತಮಾನದವರೆಗೆ ಹೆಸರಾಂತ ವ್ಯಾಪಾರ ಬಂದರಾಗಿತ್ತು. ಚೀನಾ, ಜಪಾನುಗಳ ವರ್ತಕರು ಅಲ್ಲಿ ಮಳಿಗೆಗಳನ್ನು ಕಟ್ಟಿಸಿ ನೆಲೆಸಿದ್ದರು. ಕಾಲಕ್ರಮದಲ್ಲಿ ನದಿಯಲ್ಲಿ ಹೂಳು ತುಂಬಿತು. ದೊಡ್ಡ ಹಡಗುಗಳು ಸಮೀಪದ ದಾ ನಾಂಗ್ ಬಂದರಿನತ್ತ ತಿರುಗಿದವು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿಸುವ ಅನುಕೂಲ ಊರಿಗೆ ಉಳಿಯಲಿಲ್ಲ. ವ್ಯಾಪಾರದ ನಷ್ಟವೇ ಪೇಟೆಗೆ ರಕ್ಷೆಯಾಯಿತು.

1980ರ ದಶಕದಲ್ಲಿ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಷ್ ಕ್ವಿಯಾತ್ಕೋವ್ಸ್ಕಿಯವರು ಈ ಪೇಟೆಯ ಬೆಲೆಯನ್ನರಿತು, ಅದರ ಸಂರಕ್ಷಣೆಗಾಗಿ ಶ್ರಮಿಸಿದರು. 1999ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿನ ಮನೆಗಳ ರಚನೆ ನಮ್ಮ ತೊಟ್ಟಿಮನೆಗಳನ್ನು ನೆನಪಿಗೆ ತರುತ್ತದೆ. ಬೀದಿಗೆ ಅಂಗಡಿ, ನಡುವೆ ಗಾಳಿ ಬೆಳಕಿನ ಅಂಗಳ, ನದಿಯ ಕಡೆಗೆ ಸರಕಿಳಿಸುವ ಹಿಂಬಾಗಿಲು. ನೆರೆ ಬಂದಾಗ ಸರಕನ್ನು ಮಹಡಿಯ ನೆಲದಲ್ಲಿರುವ ಕಿಂಡಿಯ ಮೂಲಕ ಮೇಲಕ್ಕೆ ಸೇದಿಕೊಳ್ಳುತ್ತಾರೆ. ನೀರೇರಿದ ಮಟ್ಟವನ್ನು ವರ್ಷಸಹಿತ ಗೋಡೆಯ ಮೇಲೆ ಗುರುತಿಸಿಟ್ಟ ಮನೆಯೂ ಉಂಟು. ನಿಗದಿತ ವೇಳೆಯಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಬೀದಿಗಳಲ್ಲಿ ಪ್ರವಾಸಿಗನು ನಿಶ್ಚಿಂತೆಯಿಂದ ಅಡ್ಡಾಡಬಹುದು.

ಆದರೆ ಉಳಿತಾಯಕ್ಕೂ ಬೆಲೆಯುಂಟು. ಬಾಡಿಗೆ ಏರಿದಂತೆ ಮನೆಯವರಲ್ಲಿ ಹಲವರು ಮಳಿಗೆಯನ್ನು ಹೊರಗಿನವರಿಗೆ ಕೊಟ್ಟು ಬೇರೆಡೆಗೆ ತೆರಳಿದ್ದಾರೆ. ಗೋಡೆ, ಹೆಂಚುಗಳನ್ನು ದುರಸ್ತಿ ಮಾಡಲು ಹಣ ಸಾಕು. ಸಂಜೆ ಜಗಲಿಯ ಮೇಲೆ ಕುಳಿತು ಹೋಗಿಬರುವವರನ್ನು ಮಾತನಾಡಿಸಲು ಮನೆಯವರೇ ಬೇಕು. ಹುಟ್ಟೂರಿನ ಪೇಟೆಬೀದಿಯಲ್ಲಿ ಹಳೆಯ ಮನೆಗೆ ಬೀಗ ಹಾಕಿ ಮಹಾನಗರವನ್ನು ಸೇರಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.