ಮೊದಲ ಕಾಲುಚೀಲಕ್ಕೆ ಯಾವ ವಿನ್ಯಾಸ?

ಸ್ವೆಟರ್, ಮಫ್ಲರ್, ಟೋಪಿ ಹೆಣೆದು ಕೈ ಪಳಗಿದವರೂ ಕಾಲುಚೀಲ ಎಂದೊಡನೆ ಹಿಂಜರಿಯುತ್ತಾರೆ. ಕಾರಣ ಹಿಮ್ಮಡಿ. ಕೊಳವೆಯಂತೆ ನೇರವಾಗಿ ಇಳಿದ ಹೆಣಿಗೆ ಅಲ್ಲಿ ತಿರುವು ಪಡೆಯಬೇಕು. ಚಿತ್ರದ ಅಂದಕ್ಕೆ ಮರುಳಾಗಿ ಜಡೆ ವಿನ್ಯಾಸವನ್ನೋ ಬಲೆ ವಿನ್ಯಾಸವನ್ನೋ ಆರಿಸಿಕೊಂಡರೆ, ಅರ್ಧ ಹೆಣೆದ ಚೀಲ ಕಡ್ಡಿಗಳ ಸಮೇತ ಪೆಟ್ಟಿಗೆ ಸೇರುವ ಸಂಭವವೇ ಹೆಚ್ಚು. ಮೊದಲ ಆಯ್ಕೆ ಸರಳವಾಗಿರಲಿ.

ಹಿಮ್ಮಡಿ ಇಲ್ಲದೆಯೂ ಆದೀತು

ಎಲ್ಲಕ್ಕಿಂತ ಸುಲಭವಾದದ್ದು ಸುರುಳಿ ಚೀಲ. ಮೂರು ಸೀದಾ, ಮೂರು ಉಲ್ಟಾ ಹೆಣೆಯುತ್ತ, ನಾಲ್ಕು ಸುತ್ತಿಗೊಮ್ಮೆ ಒಂದು ಕುಣಿಕೆಯಷ್ಟು ಪಕ್ಕಕ್ಕೆ ಸರಿದರೆ ಸಾಕು. ಹಿಗ್ಗುವ ಈ ಹೆಣಿಗೆ ಪಾದದ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಬೆಳೆಯುವ ಮಕ್ಕಳಿಗೆ ಇದೇ ಅನುಕೂಲ.

ಹಿಮ್ಮಡಿ ಬೇಕೇ ಬೇಕೆಂದರೆ ಕೊಳವೆ ಹೆಣೆಯುವಾಗ ಆ ಜಾಗದಲ್ಲಿ ಬೇರೆ ಬಣ್ಣದ ತುಂಡು ದಾರ ಸೇರಿಸಿ ಮುಂದುವರಿಯಿರಿ. ಕೊನೆಗೆ ಅದನ್ನು ಬಿಡಿಸಿ, ಸಿಕ್ಕ ಕುಣಿಕೆಗಳಿಂದ ಹಿಮ್ಮಡಿ ಹೆಣೆಯಿರಿ. ಸವೆದಾಗ ಅಷ್ಟನ್ನೇ ಬಿಚ್ಚಿ ಹೊಸದಾಗಿ ಹಾಕಬಹುದು.

ಸ್ವಲ್ಪ ಲೆಕ್ಕ

ತೆಳು ದಾರದ ಚೀಲಕ್ಕೆ 2.5 ಮಿ.ಮೀ. ಕಡ್ಡಿಯಲ್ಲಿ ಅರವತ್ತಕ್ಕೂ ಹೆಚ್ಚು ಕುಣಿಕೆ ಬೇಕಾಗುತ್ತದೆ. ಹೊಸಬರಿಗೆ ದಪ್ಪ ಉಣ್ಣೆ, 4 ಮಿ.ಮೀ. ಕಡ್ಡಿ ಒಳ್ಳೆಯದು. ತಿಳಿ ಬಣ್ಣವಾದರೆ ಕುಣಿಕೆ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಒಂದು ಚೌಕ ಹೆಣೆದು ಅಳೆಯಿರಿ. ಪಾದದ ಸುತ್ತಳತೆ 22 ಸೆಂ.ಮೀ. ಎಂದುಕೊಳ್ಳಿ. ಚೀಲ ಕಾಲಿಗೆ ಅಂಟಿ ನಿಲ್ಲಲು ಶೇ. 10ರಷ್ಟು ಕಳೆದರೆ ಸುಮಾರು 20 ಸೆಂ.ಮೀ. ನಿಮ್ಮ ಕೈಯಲ್ಲಿ 10 ಸೆಂ.ಮೀ.ಗೆ 20 ಕುಣಿಕೆ ಬಂದರೆ, ಹಾಕಬೇಕಾದದ್ದು 40. ಸುರುಳಿ ಚೀಲಕ್ಕೆ ಆರರಿಂದ ಭಾಗವಾಗುವ 42 ಇರಲಿ. ಬರೀ ಉಣ್ಣೆ ಬೇಗ ಸವೆಯುತ್ತದೆ. ಕಾಲು ಭಾಗ ನೈಲಾನ್ ಬೆರೆತ ದಾರ ಬಾಳಿಕೆ ಬರುತ್ತದೆ.

ಯಾರ ಕಾಲಿಗೆ?

ವಿನ್ಯಾಸ ನಿರ್ಧರಿಸಬೇಕಾದದ್ದು ತೊಡುವವರ ಕಾಲು. ಎಳೆ ಕೂಸಿಗೆ ತೂತಿನ ಹೆಣಿಗೆ ಬೇಡ. ಒಳಗಿನ ಸಡಿಲ ಎಳೆ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರವೇ ನಿಂತೀತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದ ಹಿರಿಯರಿಗೆ ಒತ್ತುವ ಹೊಲಿಗೆ ಗೊತ್ತೇ ಆಗದೆ ಹುಣ್ಣಾಗಬಹುದು. ಆದ್ದರಿಂದ ಎರಡು ಕಡ್ಡಿಯಲ್ಲಿ ಹೆಣೆದು ಅಂಚು ಹೊಲಿಯುವ ವಿನ್ಯಾಸ ಅವರಿಗೆ ಸಲ್ಲದು. ನಾಲ್ಕು ಕಡ್ಡಿಯಲ್ಲಿ ಸುತ್ತಾಗಿ ಹೆಣೆಯಿರಿ, ಮೇಲಂಚು ಸಡಿಲವಿರಲಿ. ನುಣುಪಾದ ಟೈಲ್ಸ್ ನೆಲದ ಮೇಲೆ ಉಣ್ಣೆಯ ಚೀಲ ಜಾರುತ್ತದೆಂಬುದನ್ನೂ ಮರೆಯಬೇಡಿ.

ಒಂದು ಚೀಲ ಮುಗಿದಾಕ್ಷಣ ಬೀಗಬೇಡಿ. ಸುತ್ತುಗಳ ಲೆಕ್ಕವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಅಂದೇ ಎರಡನೆಯದಕ್ಕೆ ಕುಣಿಕೆ ಹಾಕಿ. ಜೋಡಿಯಾದರೆ ತಾನೇ ಕಾಲುಚೀಲ!